ಎಲ್ಲವೂ ಪೂರ್ವಕರ್ಮವೆಂದು ಬುದ್ಧನು ಹೇಳಿದನೆ?

ಬುದ್ಧನ ಹೆಸರನ್ನು ಹೇಳಿ ದುಃಖಿತರ ಬಾಯಿ ಮುಚ್ಚಿಸುವ ಪದ್ಧತಿಯೊಂದು ನಮ್ಮ ಉಪನ್ಯಾಸ ವೇದಿಕೆಗಳಲ್ಲಿ ಬಲವಾಗಿ ಬೇರೂರುತ್ತಿದೆ. ವೈಶಾಖ ಪೂರ್ಣಿಮೆಗೆ ಒಂದು ಭಾಷಣ. ಜಗತ್ತೆಲ್ಲವೂ ದುಃಖಮಯವೆಂಬುದು ಅದರ ಪೀಠಿಕೆ. ಆ ದುಃಖಕ್ಕೆ ಅವರವರ ಪೂರ್ವಜನ್ಮದ ಕರ್ಮವೇ ಕಾರಣವೆಂಬುದು ಅದರ ಮಧ್ಯಭಾಗ. ಆದಕಾರಣ ಬಂದುದನ್ನು ತಾಳ್ಮೆಯಿಂದ ಅನುಭವಿಸಿ, ಕೈಲಾದಷ್ಟು ದಾನಮಾಡಿ, ಮುಂದಿನ ಜನ್ಮಕ್ಕೆ ಪುಣ್ಯವನ್ನು ಕೂಡಿಡತಕ್ಕದ್ದೆಂಬುದು ಉಪಸಂಹಾರ. ಸಭಿಕರು ತಲೆದೂಗುತ್ತಾರೆ. ವಂದನಾರ್ಪಣೆಯಾಗುತ್ತದೆ. ಆ ಸಭೆಯ ಹಿಂದಿನ ಸಾಲಿನಲ್ಲಿ ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಕುಳಿತಿದ್ದರೆ, ಅವಳು ಆ ಭಾಷಣದಿಂದ ಮನೆಗೆ ಕೊಂಡೊಯ್ಯುವ ಅರ್ಥವಾದರೂ ಯಾವುದು? ತನ್ನ ಕೂಸು ಯಾವುದೋ ಪಾಪವನ್ನು ಮಾಡಿ ಬಂದಿತ್ತು, ಇಲ್ಲವೆ ತಾನೇ ಮಾಡಿದ್ದೆನು ಎಂಬುದಷ್ಟೆ. ಇಂತಹ ಮಾತನ್ನು ಯಾರಾದರೂ ತಮ್ಮ ಸ್ವಂತ ಹೊಣೆಯಲ್ಲಿ ಆಡುವುದಾದರೆ ಆಡಲಿ. ಅದಕ್ಕೆ ಶಾಕ್ಯಮುನಿಯ ಮುದ್ರೆಯನ್ನು ಒತ್ತುವುದನ್ನು ಮಾತ್ರ ಸುಮ್ಮನೆ ನೋಡುತ್ತ ಕೂರಲಾಗದು.

ಈ ಭ್ರಾಂತಿಯು ಬೆಳೆದುಬಂದ ಬಗೆಯನ್ನು ಊಹಿಸುವುದು ಕಷ್ಟವಲ್ಲ. ಸಂಸ್ಕೃತ ಪಾಠಶಾಲೆಗಳಲ್ಲಿ ಬೆಳೆದ ನಮ್ಮಂತಹವರ ಬಳಿಗೆ ಬೌದ್ಧನು ಯಾವಾಗಲೂ ಪೂರ್ವಪಕ್ಷದ ವೇಷದಲ್ಲಿಯೇ ಬರುತ್ತಿದ್ದನು. ಭಾಷ್ಯಕಾರರು ಅವನನ್ನು ಎರಡು ವಾಕ್ಯಗಳಲ್ಲಿ ನಿಲ್ಲಿಸಿ, ನಾಲ್ಕು ವಾಕ್ಯಗಳಲ್ಲಿ ಕೆಡಹುತ್ತಿದ್ದರು. ಕ್ಷಣಿಕವಾದ, ವಿಜ್ಞಾನವಾದ, ಶೂನ್ಯವಾದಗಳ ಹೆಸರು ನಮಗೆ ಕಂಠಪಾಠ. ಅವನ ಮಾತನ್ನು ಅವನ ಬಾಯಿಂದಲೇ, ಅಂದರೆ ಪಾಲಿಯ ನಿಕಾಯಗಳಿಂದ, ಕೇಳಿದವರು ಬಹು ವಿರಳ. ಹೀಗಿರಲು ಕರ್ಮವೆಂಬ ಪದವು ಕಿವಿಗೆ ಬಿದ್ದೊಡನೆ, ನಮ್ಮ ಮನೆಗಳಲ್ಲಿ ಅಜ್ಜಿಯರು ಹಣೆ ಬಡಿದುಕೊಂಡು ಆಡುತ್ತಿದ್ದ ‘ಕರ್ಮ’ವನ್ನೇ ಬುದ್ಧನ ಬಾಯಿಗೂ ತುರುಕುವುದು ಸುಲಭವಾಯಿತು.

ಈಗ ಗ್ರಂಥವನ್ನೇ ನೋಡೋಣ. ಸಂಯುತ್ತನಿಕಾಯದ ವೇದನಾಸಂಯುತ್ತದಲ್ಲಿ ಸೀವಕ ಸುತ್ತವೆಂಬ ಒಂದು ಸಣ್ಣ ಪ್ರಕರಣವಿದೆ. ರಾಜಗೃಹದ ವೇಣುವನದಲ್ಲಿ ಮೋಲಿಯ ಸೀವಕನೆಂಬ ಪರಿವ್ರಾಜಕನು ಬುದ್ಧನನ್ನು ಕಂಡು, ಮನುಷ್ಯನು ಅನುಭವಿಸುವ ಸುಖ, ದುಃಖ, ಎರಡೂ ಅಲ್ಲದ ವೇದನೆ ಇವೆಲ್ಲವೂ ಹಿಂದೆ ಮಾಡಿದ ಕರ್ಮದಿಂದಲೇ ಬರುತ್ತವೆಂದು ಕೆಲವು ಶ್ರಮಣ ಬ್ರಾಹ್ಮಣರು ಹೇಳುತ್ತಾರೆ, ತಮ್ಮ ಅಭಿಪ್ರಾಯವೇನು ಎಂದು ಕೇಳುತ್ತಾನೆ. ನಮ್ಮ ಉಪನ್ಯಾಸಕ ಮಹನೀಯರ ಸಿದ್ಧಾಂತವು ಅಕ್ಷರಶಃ ಇದೇ ಎಂಬುದನ್ನು ವಾಚಕರು ಗಮನಿಸಬೇಕು. ಅದಕ್ಕೆ ಬುದ್ಧನ ಉತ್ತರವು ಹೌದು ಎಂದಾಗಿದ್ದರೆ ಈ ಲೇಖನಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಆತನು ಕೊಟ್ಟ ಉತ್ತರವಾದರೋ ಬೇರೆ. ಕೆಲವು ವೇದನೆಗಳು ಪಿತ್ತದಿಂದ ಹುಟ್ಟುತ್ತವೆ. ಕೆಲವು ಕಫದಿಂದ, ಕೆಲವು ವಾತದಿಂದ, ಕೆಲವು ಈ ಮೂರರ ಸನ್ನಿಪಾತದಿಂದ. ಕೆಲವು ಋತುಗಳ ಬದಲಾವಣೆಯಿಂದ. ಕೆಲವು ದೇಹದ ವಿಷಯದಲ್ಲಿ ಸರಿಯಾದ ಆರೈಕೆ ನಡೆಯದೆ, ಕೆಲವು ಹೊರಗಿನಿಂದ ಒದಗಿದ ಆಘಾತದಿಂದ. ಕೆಲವು ಕರ್ಮದ ವಿಪಾಕದಿಂದ. ಎಂಟು ಕಾರಣಗಳು, ಅವುಗಳಲ್ಲಿ ಕರ್ಮವು ಒಂದು, ಅದೂ ಕೊನೆಯದು. ಪಿತ್ತದಿಂದ ಬಂದ ನೋವು ಪಿತ್ತದ್ದೆಂದು ಅನುಭವಿಸುವವನಿಗೇ ತಿಳಿಯುತ್ತದೆ, ಲೋಕವೂ ಅದನ್ನು ಒಪ್ಪಿದೆ. ಹೀಗಿದ್ದೂ ಎಲ್ಲವೂ ಪೂರ್ವಕರ್ಮವೆನ್ನುವವರು ತಮ್ಮ ಅನುಭವವನ್ನೂ ಲೋಕಪ್ರಮಾಣವನ್ನೂ ಮೀರಿ ಓಡುತ್ತಾರೆ, ಅವರ ಮಾತು ತಪ್ಪು ಎಂಬುದೇ ಆತನ ನಿರ್ಣಯ.

ಇಲ್ಲಿ ಆಯುರ್ವೇದವನ್ನು ಬಲ್ಲವರಿಗೆ ಒಂದು ಸಂತೋಷವಿದೆ. ವಾತ, ಪಿತ್ತ, ಕಫ, ಸನ್ನಿಪಾತ ಎಂಬ ಪದಗಳು ಧರ್ಮೋಪದೇಶದ ನಡುವೆ ವೈದ್ಯನ ಬಾಯಿಂದ ಬಂದಂತೆ ಬರುತ್ತವೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿಯೂ ಅಗ್ನಿವೇಶನು, ಆಯುಸ್ಸು ನಿಯತವೋ ಅನಿಯತವೋ ಎಂದು ಆತ್ರೇಯನನ್ನು ಕೇಳಿದಾಗ, ದೈವ ಪುರುಷಕಾರಗಳೆರಡರ ಬಲಾಬಲವನ್ನು ಅದು ಅವಲಂಬಿಸಿದೆಯೆಂದೂ, ಎಲ್ಲವೂ ನಿಯತವಾಗಿದ್ದರೆ ಔಷಧಕ್ಕಾಗಲಿ ಪಥ್ಯಕ್ಕಾಗಲಿ ಅರ್ಥವೇ ಇರದೆಂದೂ ಆಚಾರ್ಯನು ಉತ್ತರ ಹೇಳುತ್ತಾನೆ. ಯಾಜ್ಞವಲ್ಕ್ಯಸ್ಮೃತಿಯು ಒಂದೇ ಚಕ್ರದ ರಥವನ್ನು ದೃಷ್ಟಾಂತವಾಗಿ ಕೊಟ್ಟು, ಪುರುಷಪ್ರಯತ್ನವಿಲ್ಲದ ದೈವವು ಸಾಗದೆಂದು ತಿಳಿಸುತ್ತದೆ. ಆದಕಾರಣ ಎಲ್ಲವನ್ನೂ ಪ್ರಾರಬ್ಧದ ತಲೆಗೆ ಕಟ್ಟುವ ಅಭ್ಯಾಸಕ್ಕೆ ವೈದಿಕ ಶಾಸ್ತ್ರಗಳ ಆಸರೆಯೂ ದುರ್ಬಲವೆಂಬುದನ್ನು ಪ್ರಸಂಗವಶಾತ್ ಹೇಳಿ ಮುಂದುವರಿಯುತ್ತೇನೆ.

ಅಂಗುತ್ತರನಿಕಾಯದ ತಿಕನಿಪಾತದಲ್ಲಿ ಬುದ್ಧನು ಇನ್ನೂ ಕಠಿಣನಾಗಿದ್ದಾನೆ. ಅಲ್ಲಿ ಆತನು ಮೂರು ಮತಗಳನ್ನು ಒಂದೇ ತಕ್ಕಡಿಯಲ್ಲಿ ಹಾಕುತ್ತಾನೆ: ಎಲ್ಲವೂ ಪೂರ್ವಕರ್ಮದಿಂದ ಎಂಬುದು, ಎಲ್ಲವೂ ಈಶ್ವರನ ನಿರ್ಮಾಣದಿಂದ ಎಂಬುದು, ಎಲ್ಲವೂ ನಿಷ್ಕಾರಣವಾಗಿ ಎಂಬುದು. ಮೂರೂ ಅಕ್ರಿಯತೆಯಲ್ಲಿ ಕೊನೆಗಾಣುತ್ತವೆಂಬುದು ಆತನ ಆಕ್ಷೇಪ. ಎಲ್ಲವೂ ಪೂರ್ವಕರ್ಮವೆಂದಾದರೆ, ಕೊಲೆಗಾರನು ಕೊಲೆಗಾರನಾದುದೂ ಕಳ್ಳನು ಕಳ್ಳನಾದುದೂ ಪೂರ್ವಕರ್ಮದಿಂದಲೇ ಎಂದು ಒಪ್ಪಬೇಕಾಗುತ್ತದೆ. ಆಗ ಇದನ್ನು ಮಾಡಬೇಕು, ಇದನ್ನು ಬಿಡಬೇಕು ಎಂಬ ವಿವೇಕಕ್ಕೆ ನೆಲೆಯೆಲ್ಲಿ? ನೋಡಿರಿ, ಯಾವ ವಾದವನ್ನು ನಮ್ಮವರು ಬುದ್ಧನ ಸಿದ್ಧಾಂತವೆಂದು ಸಾರುತ್ತಿದ್ದಾರೆಯೋ ಅದು ಆತನ ಖಂಡನೆಯ ಪಟ್ಟಿಯಲ್ಲಿ ಮೊದಲನೆಯದು! ಮಜ್ಝಿಮನಿಕಾಯದ ದೇವದಹ ಸುತ್ತದಲ್ಲಿಯೂ ಇದೇ ವಾದವನ್ನು ನಿರ್ಗ್ರಂಥರ ಎದುರಿನಲ್ಲಿಟ್ಟು ಪ್ರಶ್ನೆಗಳ ಮಳೆಗರೆದಿದ್ದಾನೆ: ಹಿಂದೆ ನೀವು ಇದ್ದಿರೆಂದು ಬಲ್ಲಿರಾ? ಇಂತಹ ಪಾಪವನ್ನು ಮಾಡಿದಿರೆಂದು ಬಲ್ಲಿರಾ? ಇಷ್ಟು ದುಃಖ ತೀರಿತು, ಇಷ್ಟು ಉಳಿದಿದೆ ಎಂದು ಬಲ್ಲಿರಾ? (ಜೈನ ಕರ್ಮಸಿದ್ಧಾಂತದ ಪೂರ್ಣ ಸ್ವರೂಪವು ಆ ಸುತ್ತದಲ್ಲಿ ಬಂದಿದೆಯೆಂದು ನಾನು ಹೇಳಲಾರೆ. ಉದೀರಣ ಸಂಕ್ರಮಣಾದಿಗಳಿಂದ ಕರ್ಮವು ಮಾರ್ಪಡಬಲ್ಲದೆಂದು ಜೈನ ಗ್ರಂಥಗಳು ವಿಸ್ತಾರವಾಗಿ ನಿರೂಪಿಸುತ್ತವೆ. ಜೈನ ಪಂಡಿತರು ಆ ಸುತ್ತವನ್ನು ಒಪ್ಪದಿದ್ದರೆ ಅವರಲ್ಲಿ ತಪ್ಪಿಲ್ಲ.)

ಇದಕ್ಕೆ ಪ್ರತಿಪಕ್ಷದವರು ಸುಮ್ಮನಿರಲಾರರು. ಮಜ್ಝಿಮನಿಕಾಯದಲ್ಲಿಯೇ ಚೂಳಕಮ್ಮವಿಭಂಗವೆಂಬ ಸುತ್ತವಿದೆಯಲ್ಲ, ತೋದೆಯ್ಯನ ಮಗನಾದ ಸುಭನು, ಕೆಲವರು ಅಲ್ಪಾಯುಗಳು, ಕೆಲವರು ದೀರ್ಘಾಯುಗಳು, ಕೆಲವರು ರೋಗಿಗಳು, ಕೆಲವರು ದರಿದ್ರರು ಏತಕ್ಕೆ ಎಂದು ಕೇಳಿದಾಗ ಬುದ್ಧನು ಕರ್ಮವನ್ನೇ ಕಾರಣವೆಂದು ಹೇಳಿಲ್ಲವೆ ಎಂದು ಕೇಳುತ್ತಾರೆ. ಹೇಳಿದ್ದಾನೆ, ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಹಿಂಸೆಯು ಆಯುಸ್ಸನ್ನು ಕುಗ್ಗಿಸುವ ಕಡೆಗೆ, ದಾನವು ಸಂಪತ್ತಿನ ಕಡೆಗೆ ಒಯ್ಯುವ ದಾರಿಗಳೆಂದು ಅಲ್ಲಿ ನಿರೂಪಣೆಯಿದೆ. ಆದರೆ ಹಿಂಸೆಯಿಂದ ಅಲ್ಪಾಯುಸ್ಸು ಬರಬಹುದು ಎಂಬುದರಿಂದ, ಅಲ್ಪಾಯುವಾದವನೆಲ್ಲ ಹಿಂಸಕನಾಗಿದ್ದನು ಎಂಬುದು ಹೇಗೆ ಸಿದ್ಧಿಸುತ್ತದೆ? ಮಳೆಯಿಂದ ಅಂಗಳವು ಒದ್ದೆಯಾಗುತ್ತದೆ. ಅಂಗಳವು ಒದ್ದೆಯಾಗಿರುವುದನ್ನು ಕಂಡು ಮಳೆಯೇ ಬಂದಿತೆನ್ನುವವನು, ಮನೆಯಾಕೆಯು ಬೆಳಗ್ಗೆ ನೀರು ಚಿಮುಕಿಸಿದ್ದನ್ನು ಮರೆತವನು. ತರ್ಕಸಂಗ್ರಹವನ್ನು ಓದುವ ಹುಡುಗನೂ ಈ ವ್ಯಭಿಚಾರದೋಷವನ್ನು ಹಿಡಿಯಬಲ್ಲನು.

ಬುದ್ಧನೇ ಇದನ್ನು ಮುಂಗಂಡಂತೆ ತೋರುತ್ತದೆ. ಏಕೆಂದರೆ ಅದರ ಒತ್ತಿಗೇ ಇರುವ ಮಹಾಕಮ್ಮವಿಭಂಗದಲ್ಲಿ, ಪಾಪಿಯೊಬ್ಬನು ಸತ್ತು ಸ್ವರ್ಗದಲ್ಲಿ ಹುಟ್ಟಿದ್ದನ್ನೂ ಸದಾಚಾರಿಯೊಬ್ಬನು ನರಕದಲ್ಲಿ ಹುಟ್ಟಿದ್ದನ್ನೂ ದಿವ್ಯದೃಷ್ಟಿಯಿಂದ ಕಂಡ ತಪಸ್ವಿಗಳು, ತಾವು ಕಂಡ ಒಂದರಿಂದ ಎಲ್ಲರ ವಿಷಯದಲ್ಲಿಯೂ ನಿಯಮವನ್ನು ಹೊರಡಿಸುವುದನ್ನು ಆತನು ಒಪ್ಪುವುದಿಲ್ಲ. ದಿವ್ಯದೃಷ್ಟಿಯುಳ್ಳವರಿಗೇ ಈ ಎಚ್ಚರಿಕೆಯಾದರೆ, ಕನ್ನಡಕವಿಲ್ಲದೆ ಪತ್ರಿಕೆಯನ್ನು ಓದಲಾರದ ನಾವು ಪಕ್ಕದ ಮನೆಯವರ ಪೂರ್ವಜನ್ಮವನ್ನು ಓದಿಹೇಳುವುದು ಎಂತಹ ಸಾಹಸ! ಅಂಗುತ್ತರನಿಕಾಯದಲ್ಲಿ ನಾಲ್ಕು ಅಚಿಂತ್ಯ ವಿಷಯಗಳನ್ನು ಎಣಿಸುವಾಗ ಕರ್ಮವಿಪಾಕವನ್ನೂ ಸೇರಿಸಿ, ಅದನ್ನು ಲೆಕ್ಕಹಾಕಲು ಹೊರಟವನು ಹುಚ್ಚಿನ ಪಾಲಾಗುವನೆಂದು ತಿಳಿಸಿದೆ. ರಾಜ ಮಿಲಿಂದನು, ಬುದ್ಧನ ಕಾಲಿಗೆ ಕಲ್ಲುಚೂರು ತಗಲಿ ನೋವಾದುದೇಕೆ, ಆತನಲ್ಲಿಯೂ ಪಾಪವು ಉಳಿದಿತ್ತೆ ಎಂದು ಕೇಳಿದಾಗ ನಾಗಸೇನನು ಆ ಎಂಟು ಕಾರಣಗಳನ್ನೇ ಎಣಿಸಿ, ಕರ್ಮವಿಪಾಕದಿಂದ ಬರುವ ವೇದನೆಯು ಸ್ವಲ್ಪ, ಉಳಿದವುಗಳಿಂದ ಬರುವುದೇ ಹೆಚ್ಚು ಎಂದು ನಿರ್ಣಯಿಸುತ್ತಾನೆ. ಅಪದಾನವೆಂಬ ಗ್ರಂಥದಲ್ಲಿ ಬುದ್ಧನ ಬೇನೆಗಳಿಗೂ ಪೂರ್ವಕರ್ಮದ ಕಥೆಗಳನ್ನು ಹೊಂದಿಸಿರುವುದುಂಟು. ಆದರೆ ಅದು ಖುದ್ದಕನಿಕಾಯದಲ್ಲಿ ಈಚಿನ ಪದರದ್ದೆಂಬುದು ವಿದ್ವಾಂಸರ ಅಭಿಪ್ರಾಯ. ಸೀವಕ ಸುತ್ತದ ಎದುರಿಗೆ ಅದನ್ನು ನಿಲ್ಲಿಸಿ ತೂಗುವುದಾದರೆ ನಾನು ಯಾವುದನ್ನು ಹಿಡಿಯುವೆನೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಗ್ರಂಥಗಳ ಮಾತು ಹೀಗಿರಲಿ. ಆತನ ನಡತೆಯು ಇದಕ್ಕಿಂತಲೂ ಸ್ಪಷ್ಟವಾಗಿದೆ. ವಿನಯಪಿಟಕದ ಮಹಾವಗ್ಗದಲ್ಲಿ, ಚೀವರಗಳನ್ನು ಕುರಿತ ಖಂಡದಲ್ಲಿ, ಅತಿಸಾರದಿಂದ ನರಳುವ ಭಿಕ್ಷುವೊಬ್ಬನ ಪ್ರಸಂಗವಿದೆ. ಆತನು ತನ್ನ ಮಲಮೂತ್ರಗಳಲ್ಲಿಯೇ ಬಿದ್ದಿದ್ದನು. ವಿಹಾರದಲ್ಲಿ ಸುತ್ತಾಡುತ್ತ ಅಲ್ಲಿಗೆ ಬಂದ ಬುದ್ಧನು, ನಿನಗೆ ಏನು ರೋಗ, ಆರೈಕೆಗೆ ಯಾರಿದ್ದಾರೆ ಎಂದು ಕೇಳಿದನು. ಯಾರೂ ಇಲ್ಲ, ನಾನು ಇತರ ಭಿಕ್ಷುಗಳಿಗೆ ಉಪಕಾರ ಮಾಡಿದವನಲ್ಲ, ಆದ್ದರಿಂದ ಅವರು ನನ್ನನ್ನು ನೋಡಿಕೊಳ್ಳುವುದಿಲ್ಲವೆಂದು ರೋಗಿಯು ಹೇಳಿದನು. ಇಲ್ಲಿ ನಿಂತು ಯೋಚಿಸಬೇಕು. ನಮ್ಮ ಉಪನ್ಯಾಸಕರ ಪಾಲಿಗೆ ಕರ್ಮಫಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು: ಮಾಡಿದ್ದುಣ್ಣೋ ಮಹರಾಯ ಎನ್ನುವುದಕ್ಕೆ ರೋಗಿಯೇ ಸಾಕ್ಷ್ಯ ಕೊಟ್ಟಿದ್ದಾನೆ. ಬುದ್ಧನು ಮಾಡಿದ್ದೇನು? ಆನಂದನನ್ನು ನೀರು ತರಲು ಕಳುಹಿಸಿದನು. ತಾನು ನೀರು ಹಾಕಿದನು, ಆನಂದನು ಮೈ ತೊಳೆದನು. ತಾನು ತಲೆಯ ಕಡೆ ಹಿಡಿದನು, ಆನಂದನು ಕಾಲಿನ ಕಡೆ ಹಿಡಿದನು. ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು. ಅನಂತರ ಸಂಘವನ್ನು ಕರೆಸಿ, ನಿಮಗೆ ಇಲ್ಲಿ ತಾಯಿಯಿಲ್ಲ, ತಂದೆಯಿಲ್ಲ, ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನು ಯಾರು ನೋಡುವರು ಎಂದು ಗದರಿಸಿದನು. ತನ್ನ ಶುಶ್ರೂಷೆಯನ್ನು ಮಾಡಬಯಸುವವರು ರೋಗಿಯ ಶುಶ್ರೂಷೆಯನ್ನು ಮಾಡಲೆಂದನು. ಆ ಪ್ರಕರಣದಲ್ಲಿ ರೋಗಿಯ ಪೂರ್ವಜನ್ಮದ ಸುದ್ದಿಯೇ ಇಲ್ಲ.

ಶತಮಾನಗಳ ಅನಂತರ ಸಿಂಹಳದಲ್ಲಿ ಸಿದ್ಧವಾದ ಧಮ್ಮಪದದ ಅಟ್ಠಕಥೆಯಲ್ಲಿ ಇದಕ್ಕೆ ಸಮೀಪದ ಇನ್ನೊಂದು ಕಥೆಯುಂಟು: ಮೈಯೆಲ್ಲ ಹುಣ್ಣಾಗಿ ಕೊಳೆತ ತಿಸ್ಸನೆಂಬ ಭಿಕ್ಷುವಿನದು. ಅಲ್ಲಿ ಪೂರ್ವಜನ್ಮವು ಬಂದಿದೆ; ಹಿಂದೆ ಆತನು ಹಕ್ಕಿಗಳ ಕಾಲೆಲುಬುಗಳನ್ನು ಮುರಿಯುತ್ತಿದ್ದ ಬೇಡನಂತೆ. ಸರಿ, ಅದನ್ನೂ ಒಪ್ಪೋಣ. ಆದರೆ ಕಥೆಯ ಕ್ರಮವನ್ನು ನೋಡಿರಿ. ಬುದ್ಧನು ತಾನೇ ನೀರು ಕಾಯಿಸಿ, ಅವನ ಮೈಯನ್ನು ತೊಳೆಯಿಸಿ, ಬಟ್ಟೆಯನ್ನು ಒಗೆದು ಒಣಗಿಸುವ ಏರ್ಪಾಡು ಮಾಡಿ, ಧರ್ಮವನ್ನು ಬೋಧಿಸಿ, ಆತನು ಶಾಂತನಾಗಿ ಪ್ರಾಣ ಬಿಟ್ಟ ಮೇಲೆ ಉಳಿದ ಭಿಕ್ಷುಗಳು ಕೇಳಿದಾಗ ಮಾತ್ರ ಆ ಬೇಡನ ಕಥೆಯು ಹೊರಬರುತ್ತದೆ. ನಮ್ಮವರು ಬಿಸಿನೀರನ್ನು ಬಿಟ್ಟು ಬೇಡನನ್ನು ಮಾತ್ರ ಹಿಡಿದುಕೊಂಡಿದ್ದಾರೆ.

ಹಾಗಾದರೆ ಬುದ್ಧನ ಮತದಲ್ಲಿ ಕರ್ಮವೆಂದರೇನು? ಚೇತನೆ, ಅಂದರೆ ಬುದ್ಧಿಪೂರ್ವಕವಾದ ಸಂಕಲ್ಪವೇ ಕರ್ಮವೆಂದು ಆತನ ಲಕ್ಷಣ. ಅದು ಈ ಕ್ಷಣದಲ್ಲಿ ನಾನು ಮಾಡುತ್ತಿರುವ ಕೆಲಸದ ಬೇರು. ತೀರಿಹೋದವರು ಬರೆದಿಟ್ಟ ಸಾಲಪತ್ರವಲ್ಲ. ವಾಸೆಟ್ಠ ಸುತ್ತದಲ್ಲಿ ಜನ್ಮದಿಂದ ಯಾರೂ ಬ್ರಾಹ್ಮಣರಲ್ಲ, ಕರ್ಮದಿಂದಲೇ ಒಬ್ಬನು ಒಕ್ಕಲಿಗ, ಕರ್ಮದಿಂದಲೇ ಒಬ್ಬನು ವ್ಯಾಪಾರಿ ಎಂದು ಹೇಳುವಾಗ ಕರ್ಮವೆಂಬುದಕ್ಕೆ ಇಂದು ಮಾಡುವ ಕೆಲಸವೆಂಬುದಲ್ಲದೆ ಬೇರೆ ಅರ್ಥವು ಹೊಂದುವುದೇ ಇಲ್ಲ. ಉಪ್ಪಿನ ಹರಳಿನ ದೃಷ್ಟಾಂತವಂತೂ ಪ್ರಸಿದ್ಧವಾಗಬೇಕಾದುದು. ಒಂದು ಹರಳು ಉಪ್ಪನ್ನು ಬಟ್ಟಲು ನೀರಿಗೆ ಹಾಕಿದರೆ ಅದು ಕುಡಿಯಲಾರದಂತಾಗುತ್ತದೆ; ಅದೇ ಹರಳನ್ನು ಗಂಗೆಗೆ ಹಾಕಿದರೆ ಗಂಗೆಯು ಉಪ್ಪಾಗುವುದೆ? ಅಲ್ಪವಾದ ಒಂದು ಪಾಪವು ಸಂಕುಚಿತ ಮನಸ್ಸಿನವನನ್ನು ಮುಳುಗಿಸಬಹುದು, ಶೀಲದಿಂದಲೂ ಪ್ರಜ್ಞೆಯಿಂದಲೂ ವಿಶಾಲನಾದವನಲ್ಲಿ ತೋರದೆಯೇ ಹೋಗಬಹುದು. ಮಾಡಿದ್ದನ್ನು ಮಾಡಿದಂತೆಯೇ ಅಳೆದು ತೂಗಿ ಅನುಭವಿಸಲೇಬೇಕೆಂದಾದರೆ ಧರ್ಮಜೀವನಕ್ಕೆ ಎಡೆಯೇ ಇಲ್ಲವೆಂದು ಆ ಸುತ್ತವು ಮೊದಲಲ್ಲಿಯೇ ಹೇಳಿಬಿಡುತ್ತದೆ. ಸಾರನಾಥದ ಮೊದಲ ಉಪದೇಶದಲ್ಲಿಯೂ ದುಃಖಕ್ಕೆ ಕಾರಣವನ್ನು ಹೇಳಬೇಕಾದಾಗ ಆತನ ಬಾಯಿಂದ ಬಂದ ಪದವು ತೃಷ್ಣೆ. ತೃಷ್ಣೆಯು ಇಂದು, ಇಲ್ಲಿ, ನನ್ನೊಳಗಿದೆ. ಆದ್ದರಿಂದಲೇ ಅದನ್ನು ಕೀಳಬಹುದು. ರೋಗ, ರೋಗದ ಕಾರಣ, ಆರೋಗ್ಯ, ಚಿಕಿತ್ಸೆ ಎಂಬ ವೈದ್ಯಶಾಸ್ತ್ರದ ನಾಲ್ಕು ಅಂಗಗಳಿಗೆ ನಾಲ್ಕು ಆರ್ಯಸತ್ಯಗಳನ್ನು ಹೋಲಿಸುವುದುಂಟು. ರೋಗವನ್ನು ಹೆಸರಿಸಿದ ವೈದ್ಯನನ್ನು ನಿರಾಶಾವಾದಿಯೆಂದು ಕರೆಯುವವರಿಗೆ ಉತ್ತರ ಕೊಡುವುದು ಕಾಲಹರಣ.

ಇನ್ನು ಪುಣ್ಯದ ವಿಚಾರ. ಪುಣ್ಯವನ್ನು ಅಡಕೆಯ ಮೂಟೆಯಂತೆ ಕಣಜದಲ್ಲಿ ಪೇರಿಸಿಡುವ ವಸ್ತುವೆಂದು ಬಗೆದವರು ಬೌದ್ಧ ದೇಶಗಳಲ್ಲಿಯೂ ಇದ್ದಾರೆ, ನಮ್ಮಲ್ಲಿಯೂ ಇದ್ದಾರೆ. ನಮ್ಮ ದೇವಸ್ಥಾನಗಳಲ್ಲಿ ಕೊಳವೆದೀಪದ ಮೇಲೆ ದಾನಿಯ ಹೆಸರನ್ನು ದಪ್ಪಕ್ಷರಗಳಲ್ಲಿ ಬರೆಯಿಸಿ, ಬಂದಷ್ಟು ಬೆಳಕಿಗೂ ಆ ಹೆಸರೇ ಅಡ್ಡವಾಗಿರುವುದನ್ನು ವಾಚಕರು ಕಂಡಿರಬಹುದು. ದಾನ, ಶೀಲ, ಭಾವನೆ ಎಂದು ಪುಣ್ಯಕ್ಕೆ ಮೂರು ನೆಲೆಗಳನ್ನು ಬುದ್ಧನು ಹೇಳಿದನು. ನಮ್ಮವರು ಮೊದಲನೆಯದರಲ್ಲಿಯೇ ಕುಳಿತುಬಿಟ್ಟರು, ಅದಕ್ಕೆ ರಸೀದಿಯು ಸಿಕ್ಕುತ್ತದೆಂದೋ ಏನೋ. ಅನಾಥಪಿಂಡಿಕನಿಗೆ ಹೇಳಿದ ವೇಲಾಮನ ಕಥೆಯನ್ನು ಇಂತಹವರು ಓದತಕ್ಕದ್ದು. ವೇಲಾಮನೆಂಬ ಬ್ರಾಹ್ಮಣನು ಬೆಳ್ಳಿ ತುಂಬಿದ ಚಿನ್ನದ ಪಾತ್ರೆಗಳು 84,000, ಚಿನ್ನ ತುಂಬಿದ ಬೆಳ್ಳಿಯ ಪಾತ್ರೆಗಳು 84,000, ಹಾಗೆಯೇ ಆನೆಗಳು, ರಥಗಳು, ಹಸುಗಳು ಎಂದು ಕೊಟ್ಟನು. ಅದಕ್ಕಿಂತ ಸಮ್ಯಗ್‌ದೃಷ್ಟಿಯುಳ್ಳ ಒಬ್ಬನಿಗೆ ಇಟ್ಟ ಊಟವು ಮೇಲು. ಮೆಟ್ಟಿಲು ಮೆಟ್ಟಿಲಾಗಿ ಏರಿ, ಪಂಚಶೀಲಪಾಲನೆಯು ಅದಕ್ಕಿಂತ ಮೇಲು. ಹಸುವಿನ ಕೆಚ್ಚಲನ್ನು ಒಮ್ಮೆ ಎಳೆಯುವಷ್ಟು ಹೊತ್ತು (ಇನ್ನೊಂದು ಪಾಠದಂತೆ, ಗಂಧವನ್ನು ಒಮ್ಮೆ ಮೂಸುವಷ್ಟು ಹೊತ್ತು) ಮನಸ್ಸಿನಲ್ಲಿ ಮೈತ್ರಿಯನ್ನು ತುಂಬಿಕೊಳ್ಳುವುದು ಇನ್ನೂ ಮೇಲು. ಚಿಟಿಕೆ ಹೊಡೆಯುವಷ್ಟು ಹೊತ್ತು ಅನಿತ್ಯತೆಯನ್ನು ಕಾಣುವುದು ಎಲ್ಲಕ್ಕೂ ಮೇಲು. ಹಣವಿಲ್ಲದ ಬಡವಿಗೆ ಇದರಲ್ಲಿ ಎಷ್ಟು ದೊಡ್ಡ ಬಿಡುಗಡೆಯಿದೆ!

ಈ ಮಾತು ನಮ್ಮ ನಾಡಿಗೆ ಹೊಸದಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಗಳ ಮೇಲೆ 1892ರಲ್ಲಿ ಲೂಯಿ ರೈಸರು ಕಂಡುಹಿಡಿದ ಅಶೋಕನ ಶಾಸನಗಳೂ, 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತು ಅಶೋಕನೆಂಬ ಹೆಸರನ್ನೇ ಹೊತ್ತು ಬಂದ ಶಾಸನವೂ, ಕರ್ಣಾಟಕದಲ್ಲಿ ಓದಲ್ಪಟ್ಟಿರುವ ಬರಹಗಳಲ್ಲಿ ಅತಿ ಪ್ರಾಚೀನ ವರ್ಗಕ್ಕೆ ಸೇರಿದವು. ಬೌದ್ಧೋಪಾಸಕನಾದ ಆ ಚಕ್ರವರ್ತಿಯು ಅಲ್ಲಿ ಹೇಳಿಸಿರುವುದೇನು? ಇದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ಎಣಿಸಬೇಡಿ, ಚಿಕ್ಕವನೂ ಪರಾಕ್ರಮದಿಂದ, ಎಂದರೆ ಸ್ವಪ್ರಯತ್ನದಿಂದ, ವಿಪುಲವಾದ ಸ್ವರ್ಗವನ್ನು ಪಡೆಯಬಲ್ಲನು ಎಂದು. ಅದೇ ಅರಸನು ಎರಡನೆಯ ಶಿಲಾಶಾಸನದಲ್ಲಿ, ಮನುಷ್ಯರಿಗೊಂದು, ಪಶುಗಳಿಗೊಂದು ಎಂದು ಎರಡು ಬಗೆಯ ಚಿಕಿತ್ಸೆಯ ಏರ್ಪಾಡನ್ನೂ, ಔಷಧಿಯ ಗಿಡಮೂಲಿಕೆಗಳು ಇಲ್ಲದ ಕಡೆ ತರಿಸಿ ನೆಡಿಸಿದುದನ್ನೂ, ದಾರಿಗಳಲ್ಲಿ ಬಾವಿ ತೋಡಿಸಿದುದನ್ನೂ ಹೇಳಿಕೊಂಡಿದ್ದಾನೆ. ಎಲ್ಲ ಬೇನೆಯೂ ಪೂರ್ವಕರ್ಮವೆಂದು ನಂಬಿದವನು ಪರದೇಶದಿಂದ ಬೇರು ನಾರುಗಳನ್ನು ತರಿಸುವ ತಾಪತ್ರಯಕ್ಕೆ ಹೋಗುತ್ತಿದ್ದನೆ?

ಇಷ್ಟೆಲ್ಲ ಜಗಳ ಏತಕ್ಕೆ, ಯಾರಿಗೋ ಸಮಾಧಾನವಾಗುವುದಾದರೆ ಹೇಳಿಕೊಳ್ಳಲಿ ಬಿಡಿ ಎನ್ನುವ ಸಜ್ಜನರಿದ್ದಾರೆ. ಸಮಾಧಾನವು ಯಾರಿಗೆ ಎಂಬುದೇ ಪ್ರಶ್ನೆ. 2021ರ ಮಹಾಮಾರಿಯಲ್ಲಿ ಉಸಿರಾಡಲು ಪ್ರಾಣವಾಯುವು ದೊರೆಯದೆ ಜನರು ಸತ್ತರು. ಅದನ್ನು ಸೀವಕ ಸುತ್ತದ ಪಟ್ಟಿಯಲ್ಲಿ ಹುಡುಕಿದರೆ ಆರೈಕೆಯ ಕೊರತೆಯೆಂಬ ಕಾರಣವು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಅದಕ್ಕೆ ಉತ್ತರವಾದಿಗಳು ಈ ಲೋಕದಲ್ಲಿಯೇ ಇರುತ್ತಾರೆ. ಸತ್ತವರ ಕರ್ಮವೆಂದೊಡನೆ ಅವರೆಲ್ಲರೂ ನಿಶ್ಚಿಂತರಾಗಿ ಮಲಗಬಹುದು. ಡಾಕ್ಟರ್ ಅಂಬೇಡ್ಕರರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧಧರ್ಮವನ್ನು ಸ್ವೀಕರಿಸಿದರು. 1957ರಲ್ಲಿ, ಅವರ ನಿಧನದ ಅನಂತರ ಹೊರಬಂದ ಅವರ ಬುದ್ಧಚರಿತ್ರ ಗ್ರಂಥದಲ್ಲಿ ಈ ನಂಬಿಕೆಯ ಮೇಲೆಯೇ ಅವರು ಕೈಯಿಟ್ಟರು: ಬಡವನ ಬಡತನಕ್ಕೂ ಕೀಳೆನಿಸಿದವನ ಹುಟ್ಟಿಗೂ ಅವನ ಪೂರ್ವಕರ್ಮವೇ ಕಾರಣವೆಂದರೆ ರಾಜ್ಯವೂ ಸಮಾಜವೂ ತಮ್ಮ ಹೊಣೆಯಿಂದ ನುಣುಚಿಕೊಳ್ಳುತ್ತವೆಂಬುದು ಅವರ ವಾದ. ಪುನರ್ಜನ್ಮದ ವಿಷಯದಲ್ಲಿ ಅವರು ಮಾಡಿದ ವ್ಯಾಖ್ಯಾನವನ್ನೆಲ್ಲ ಪಾಲಿಯ ಗ್ರಂಥಗಳು ಬೆಂಬಲಿಸುತ್ತವೆಂದು ನನಗೆ ತೋರುವುದಿಲ್ಲ. ನಿಕಾಯಗಳಲ್ಲಿ ಪರಲೋಕವೂ ಇದೆ, ವಿಪಾಕವೂ ಇದೆ. ಆದರೆ ಈ ಒಂದು ಆಕ್ಷೇಪದಲ್ಲಿ ಅವರು ಬುದ್ಧನಿಗೆ, ನಮ್ಮ ಪಂಡಿತ ಉಪನ್ಯಾಸಕರೆಲ್ಲರಿಗಿಂತ, ಸಮೀಪದಲ್ಲಿದ್ದಾರೆ.

ನಿಕಾಯಗಳಲ್ಲಿ ಬುದ್ಧನು ರೋಗಿಗಳ ಹಾಸಿಗೆಯ ಬಳಿಗೆ ಹೋದ ಪ್ರಸಂಗಗಳು ಎಷ್ಟೋ ಇವೆ. ಅಲ್ಲಿ ಆತನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಸಹಿಸಲಾಗುತ್ತಿದೆಯೆ, ನೋವು ಇಳಿಯುತ್ತಿದೆಯೊ ಏರುತ್ತಿದೆಯೊ, ಮನಸ್ಸಿನಲ್ಲಿ ಏನಾದರೂ ಪಶ್ಚಾತ್ತಾಪವುಂಟೆ. ರೋಗಿಯ ಮಗ್ಗುಲಲ್ಲಿ ಕುಳಿತು, ಇದು ನಿನ್ನ ಹಿಂದಿನ ಜನ್ಮದ ಫಲ, ಅನುಭವಿಸು ಎಂದು ಆತನು ಹೇಳಿದ ಒಂದು ಸ್ಥಳವನ್ನು ನಾಲ್ಕು ಮುಖ್ಯ ನಿಕಾಯಗಳಿಂದ ನಮ್ಮ ಉಪನ್ಯಾಸಕ ಮಹನೀಯರು ಎತ್ತಿ ತೋರಿಸಲಿ. ಮುಂದಿನ ಸಂಚಿಕೆಯಲ್ಲಿ ಅವರ ಉತ್ತರಕ್ಕೆ ಸಂಪಾದಕರು ಸ್ಥಳ ಕೊಡುವರೆಂದು ನಂಬಿದ್ದೇನೆ.